ಎರಡು ಮಸೂರಗಳು

ಲೆನ್ಸಿಗೆ ಕನ್ನಡದಲ್ಲಿ ಮಸೂರವೆಂಬ ಹೆಸರು ರೂಢಿಗೆ ಬಂದಿರುವುದರಲ್ಲಿ ಒಂದು ಸ್ವಾರಸ್ಯವುಂಟು. ಸಂಸ್ಕೃತದಲ್ಲಿ ಮಸೂರವೆಂದರೆ ಒಂದು ಬಗೆಯ ಧಾನ್ಯ; ಕನ್ನಡಿಗರ ಅಡಿಗೆಮನೆಗಳಲ್ಲಿ ಚನ್ನಂಗಿ ಬೇಳೆಯೆನಿಸಿಕೊಳ್ಳುವುದು ಅದೇ. ಲ್ಯಾಟಿನ್ ಭಾಷೆಯ ಲೆನ್ಸ್ ಎಂಬ ಪದದ ಮೂಲಾರ್ಥವೂ ಅದೇ ಧಾನ್ಯವೇ. ನಡುವೆ ಉಬ್ಬಿ ಅಂಚಿನ ಕಡೆಗೆ ತೆಳುವಾಗುವ ಗಾಜಿನ ಬಿಲ್ಲೆಯನ್ನು ಕಂಡವರಿಗೆ, ದೇಶ ಯಾವುದಾದರೇನು, ಬೇಳೆಯ ನೆನಪೇ ಬಂದಿತೆನ್ನಬೇಕು. ಹೆಸರು ಇಷ್ಟು ಸಾಮಾನ್ಯವಾದುದಾದರೂ ವಸ್ತುವಿನ ಬೆಲೆ ಮಾತ್ರ ಎಲ್ಲ ಕಾಲಕ್ಕೂ ಸಾಮಾನ್ಯವಾಗಿ ಉಳಿಯಲಿಲ್ಲ. ಕ್ಯಾಮೆರಾದೊಡನೆ ಹೆಚ್ಚು ಕಡಿಮೆ ಕೊಸರಾಗಿ ಬರುವ ಮಸೂರವೂ ಉಂಟು. ಕ್ಯಾಮೆರಾದಷ್ಟೇ ಬೆಲೆಬಾಳುವ ಮಸೂರವೂ ಉಂಟು. ಈ ಎರಡರ ತಾರತಮ್ಯವನ್ನು ಒಬ್ಬ ಛಾಯಾಗ್ರಾಹಕನು ಕಲಿತ ಬಗೆ ಹೇಳತಕ್ಕದ್ದಾಗಿದೆ.

ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಆತನ ಸ್ಟುಡಿಯೋ. ತಂದೆಯ ಕಾಲದಿಂದ ನಡೆದುಬಂದುದು. ಪರದೆಯ ಮೇಲೆ ಬಿಡಿಸಿದ ಸರೋವರ, ಅದರ ಮುಂದೊಂದು ಬೆತ್ತದ ಕುರ್ಚಿ, ಗೋಡೆಯಲ್ಲಿ ಬಾಚಣಿಗೆ ಸಿಕ್ಕಿಸಿದ ಕನ್ನಡಿ. ಊರಿನ ಮೂರು ತಲೆಮಾರು ಆ ಕುರ್ಚಿಯಲ್ಲಿ ಕುಳಿತು ಎದ್ದಿದೆ. ಫಿಲ್ಮು ಹೋಗಿ ಅಂಕೀಯ ಕ್ಯಾಮೆರಾ ಬಂದ ಕಾಲದಲ್ಲಿ ಆತನೂ ಕಾಲಕ್ಕೆ ತಕ್ಕಂತೆ ಬದಲಾಗಬೇಕಾಯಿತು. ಕ್ಯಾನನ್ ಸಂಸ್ಥೆಯು 2003ರಲ್ಲಿ ಹೊರತಂದ ಇಒಎಸ್ 300ಡಿ ಎಂಬ ಕ್ಯಾಮೆರಾವನ್ನು ಆತನು ಕೊಂಡನು. ಅಮೆರಿಕದಲ್ಲಿ ಅದಕ್ಕೆ ಬರಿಯ ಕ್ಯಾಮೆರಾಕ್ಕೆ 899 ಡಾಲರ್, ಮಸೂರವೂ ಸೇರಿದರೆ 999 ಡಾಲರ್ ಎಂದು ಬೆಲೆ ಕಟ್ಟಿದ್ದರು. ಅಂದರೆ ಜೊತೆಗೆ ಬಂದ ಮಸೂರದ ಪಾಲು ನೂರು ಡಾಲರ್ ಮಾತ್ರ. 18ರಿಂದ 55 ಮಿಲಿಮೀಟರಿನವರೆಗೆ ಸಂಗಮದೂರವನ್ನು ಹಿಗ್ಗಿಸಿ ಕುಗ್ಗಿಸಬಹುದಾದ, ಕೈಗೆತ್ತಿಕೊಂಡರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾದ, ಪ್ಲಾಸ್ಟಿಕ್ ಮೈಯ ಮಸೂರವದು. ಕಸಬುದಾರರು ಅದನ್ನು ಕಿಟ್ ಲೆನ್ಸ್ ಎನ್ನುತ್ತಾರೆ. ಎನ್ನುವಾಗ ತುಟಿಯನ್ನು ಸ್ವಲ್ಪ ಓರೆಮಾಡುವುದೂ ವಾಡಿಕೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಎಲ್ಲ ಕಸಬಿಗೂ ಸಲ್ಲುತ್ತದೆ.

ಎರಡು ಮೂರು ವರ್ಷ ಆತನು ಊರಿನ ಮದುವೆ, ನಾಮಕರಣ, ಗೃಹಪ್ರವೇಶಗಳನ್ನೆಲ್ಲ ಆ ಒಂದೇ ಮಸೂರದಿಂದ ನಿರ್ವಹಿಸಿದನು. ತೊಡಕು ಬಂದುದು ಇಕ್ಕಟ್ಟಾದ ಎಡೆಗಳಲ್ಲಿ. ಹಳೆಯ ಮನೆಯ ನಡುಮನೆಯಲ್ಲಿ ಧಾರೆಯೆರೆಯುವಾಗ ವಧೂವರರು ಕಂಡರೆ ತಂದೆತಾಯಿಗಳು ಹೊರಗುಳಿಯುವರು. ಅವರನ್ನೂ ಸೇರಿಸಿಕೊಳ್ಳಲೆಂದು ಹಿಂದೆ ಸರಿದರೆ ಬೆನ್ನಿಗೆ ಗೋಡೆ ತಾಗುವುದು. ಅದೇ ಸಂಸ್ಥೆಯು 2004ರಲ್ಲಿ ಹೊರತಂದಿದ್ದ 10ರಿಂದ 22 ಮಿಲಿಮೀಟರಿನ ವಿಶಾಲಕೋನ ಮಸೂರದ ಮೇಲೆ ಆತನ ಕಣ್ಣು ಬಿದ್ದುದು ಆಗಲೇ. ಬೆಲೆ ಕೇಳಿ ಒಮ್ಮೆ ಸುಮ್ಮನಾದನು. ಬಳಿಕ, ಮನೆಯ ಮೇಲ್ಛಾವಣಿಗೆಂದು ಮಡದಿ ಕಟ್ಟುತ್ತ ಬಂದಿದ್ದ ಚೀಟಿಯನ್ನು ಎತ್ತಿ ಆ ಹಣದಿಂದ ಅದನ್ನು ಕೊಂಡು ತಂದನು. ಆ ವರ್ಷದ ಮಳೆಗಾಲದಲ್ಲಿ ಅಡಿಗೆಮನೆಯ ಮೂಲೆಯಲ್ಲಿ ಸೋರುವ ನೀರಿಗೆ ತಪ್ಪಲೆ ಇಡುತ್ತ ಆಕೆ ಏನೂ ಆಡಲಿಲ್ಲ. ಆಡದಿದ್ದುದೇ ಆತನಿಗೆ ಭಾರವಾಯಿತು.

ಕಾಸಿಗೆ ತಕ್ಕ ಕಜ್ಜಾಯವೆಂದು ಲೋಕ ಹೇಳುತ್ತದೆ. ಹಾಗಾದರೆ ಈ ಹೆಚ್ಚಿನ ಕಾಸಿಗೆ ಸಂದ ಕಜ್ಜಾಯ ಯಾವುದು? ಅದನ್ನು ಕಂಡುಕೊಳ್ಳಲು ಆತನು ಒಂದು ಸರಳವಾದ ಪರೀಕ್ಷೆ ಮಾಡಿದನು. ಎರಡು ಮಸೂರಗಳಲ್ಲಿಯೂ 20 ಮಿಲಿಮೀಟರ್ ಉಂಟು. ಊರ ಹೊರಗಿನ ಹಾಳು ಮಂಟಪದ ಮುಂದೆ ಮುಕ್ಕಾಲಿಯನ್ನು ನೆಟ್ಟು, ಅಲುಗಾಡಿಸದೆ, ದ್ಯುತಿರಂಧ್ರವನ್ನು 8ರ ಅಂಕಕ್ಕೆ ಕಿರಿದುಗೊಳಿಸಿ, ಒಂದು ಚಿತ್ರವನ್ನು ಅಗ್ಗದ ಮಸೂರದಿಂದಲೂ ಇನ್ನೊಂದನ್ನು ದುಬಾರಿಯ ಮಸೂರದಿಂದಲೂ ತೆಗೆದನು. ಎರಡನ್ನೂ ಹನ್ನೆರಡು ಅಂಗುಲಕ್ಕೆ ಅಚ್ಚು ಹಾಕಿಸಿ ಮಡದಿಯ ಮುಂದಿಟ್ಟು, ಯಾವುದು ಯಾವುದೆಂದು ಹೇಳೆಂದನು. ಆಕೆ ಬಹಳ ಹೊತ್ತು ನೋಡಿ, “ಎರಡೂ ಒಂದೇ ಅಲ್ಲವೇ?” ಎಂದಳು. ಭೂತಗನ್ನಡಿ ಹಿಡಿದು ನೋಡಿದರೆ ಮೂಲೆಗಳಲ್ಲಿ ಒಂದಿಷ್ಟು ಭೇದವಿತ್ತು. ಕಂಬದ ನೇರದಲ್ಲಿ ಕೂದಲೆಳೆಯಷ್ಟು ಬಾಗು ಹೆಚ್ಚು ಕಡಿಮೆಯಿತ್ತು. ಕಂಬ ಕಂಬಕ್ಕೂ ಇರುವ ಅಂತರ, ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಪ್ರಮಾಣ ಎರಡರಲ್ಲಿಯೂ ಒಂದೇ. ಏಕೆಂದರೆ ಆ ಪ್ರಮಾಣವನ್ನು ನಿರ್ಧರಿಸುವುದು ಮಸೂರವಲ್ಲ, ನಿಂತ ಸ್ಥಳ. ಹಾಗಾಗಿ ಕೊಟ್ಟ ಹಣದ ಬಹುಭಾಗವು ಹತ್ತರಿಂದ ಹದಿನೆಂಟರವರೆಗಿನ ಎಂಟು ಮಿಲಿಮೀಟರಿಗೆ ಸಂದ ಬೆಲೆಯೆಂದು ಆತನಿಗೆ ಮನವರಿಕೆಯಾಯಿತು.

ಆ ಎಂಟು ಮಿಲಿಮೀಟರು ಅಲ್ಪವಾದುದಲ್ಲ. ಹದಿನೆಂಟರಲ್ಲಿ ಮೂಲೆಯಿಂದ ಮೂಲೆಗೆ ಅಳೆದರೆ ಕಾಣುವ ಕೋನ ಸುಮಾರು 74 ಡಿಗ್ರಿ. ಹತ್ತರಲ್ಲಿ ಅದು 107 ಡಿಗ್ರಿಯಾಗುತ್ತದೆ. ಇದನ್ನು ಸಾಧಿಸುವುದು ಸುಲಭವೂ ಅಲ್ಲ. ಮಸೂರಕ್ಕೂ ಚಿತ್ರ ಮೂಡುವ ಫಲಕಕ್ಕೂ ನಡುವೆ ಮೇಲೆದ್ದು ಕೆಳಗಿಳಿಯುವ ಕನ್ನಡಿಯೊಂದು ಇಂತಹ ಕ್ಯಾಮೆರಾಗಳಲ್ಲಿ ಇರುವುದರಿಂದ, ಹತ್ತು ಮಿಲಿಮೀಟರಿನ ಗಾಜನ್ನು ಫಲಕದಿಂದ ಹತ್ತು ಮಿಲಿಮೀಟರಿನಷ್ಟು ಸಮೀಪಕ್ಕೆ ತರಲು ಎಡೆಯೇ ಇಲ್ಲ. ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ರೆಟ್ರೋಫೋಕಸ್ ಎಂಬ ಹೆಸರಿನಿಂದ ಇದಕ್ಕೊಂದು ಉಪಾಯವನ್ನು ಬಳಕೆಗೆ ತಂದನು. ಮುಂದೆ ದೊಡ್ಡದೊಂದು ನಿಮ್ನ ಮಸೂರವನ್ನಿಟ್ಟು ಕಿರಣಗಳನ್ನು ಮೊದಲು ಹರಡಿ, ಹಿಂದಿನ ಪೀನ ಮಸೂರಗಳಿಂದ ಮತ್ತೆ ಕೂಡಿಸುವುದೇ ಆ ಉಪಾಯ. ಹೀಗೆ ಹರಡಿ ಕೂಡಿಸುವಾಗ ಹುಟ್ಟುವ ದೋಷಗಳನ್ನು ತಿದ್ದಲು ಮತ್ತೆ ಹಲವು ಗಾಜುಗಳು ಬೇಕು. ಆತನು ಕೊಂಡ ಮಸೂರದಲ್ಲಿ ಹದಿಮೂರು ಗಾಜುಗಳಿದ್ದು, ಅವುಗಳಲ್ಲಿ ಮೂರು ಗೋಲಾಕೃತಿಯನ್ನು ಬಿಟ್ಟು ವಿಶೇಷವಾಗಿ ರೂಪಿಸಿದವು. ತೂಕ 385 ಗ್ರಾಂ. ಕಿಟ್ ಲೆನ್ಸಿನ ಎರಡರಷ್ಟು. ಆದುದರಿಂದ ಬೆಲೆಯಲ್ಲಿ ವಂಚನೆಯಿಲ್ಲ. ಅದು ಶ್ರಮದ ಬೆಲೆ, ಕೋನದ ಬೆಲೆ.

ಆ ಕೋನದ ಸುಖವನ್ನು ಆತನು ಮನಸಾರೆ ಅನುಭವಿಸಿದುದು ವಿಜಯಪುರದ ಗೋಲಗುಮ್ಮಟದಲ್ಲಿ. 1656ರ ಸುಮಾರಿಗೆ ಮುಗಿದ, ಮುಹಮ್ಮದ್ ಆದಿಲ್‌ಶಾಹನ ಆ ಸಮಾಧಿಭವನದ ನಡುವೆ ನಿಂತು ತಲೆಯೆತ್ತಿದರೆ, ಒಂದು ಕಂಬದ ಆಸರೆಯೂ ಇಲ್ಲದೆ ನಿಂತ ಮಹಾವೃತ್ತ ಮೇಲೆ ಕವಿಯುತ್ತದೆ. ಕಿಟ್ ಲೆನ್ಸಿನಲ್ಲಿ ಆ ವೃತ್ತದ ಎರಡು ಪಕ್ಕಗಳು ತುಂಡಾಗುತ್ತವೆ. ಇನ್ನಷ್ಟು ಕೆಳಗಿಳಿಯೋಣವೆಂದರೆ ನೆಲದ ಕೆಳಗೆ ನೆಲವಿಲ್ಲ. ಹತ್ತು ಮಿಲಿಮೀಟರಿಗೆ ತಿರುಗಿಸಿದೊಡನೆ ಗುಮ್ಮಟದ ಪೂರ್ಣವೃತ್ತವೂ, ಅದನ್ನು ಹೊತ್ತ ಹೆಣೆದ ಕಮಾನುಗಳ ಮೇಲ್ಭಾಗವೂ ಒಟ್ಟಿಗೆ ಕಣ್ಣಿಗೆ ಬಂದವು. ಆತನು ನೆಲದ ಮೇಲೆ ಅಂಗಾತ ಮಲಗಿ ಆ ಚಿತ್ರವನ್ನು ತೆಗೆದನು. ಚೀಟಿಯ ಹಣ ಅಂದು ತೀರಿತೆಂದು ಆತನಿಗೆ ಅನಿಸಿತು.

ಹಂಪೆಯಲ್ಲಿ ಮತ್ತೊಂದು ಪಾಠವಾಯಿತು. ವಿಠ್ಠಲ ದೇವಾಲಯದ ಕಲ್ಲಿನ ರಥದ ತೀರ ಸಮೀಪಕ್ಕೆ ಹೋಗಿ ವಿಶಾಲಕೋನದಲ್ಲಿ ತೆಗೆದಾಗ ಮುಂದಿನ ಚಕ್ರ ಪರ್ವತದಂತೆ ಬೆಳೆದು, ಹಿಂದಿನ ಕಟ್ಟಡಗಳು ಆಟಿಕೆಗಳಂತೆ ಕುಗ್ಗಿದವು. ನೋಡಿದವರು ಬೆರಗಾದರು. ಅದೇ ರಥವನ್ನು ಅಂಗಳದ ಕೊನೆಯಿಂದ ಕಿಟ್ ಲೆನ್ಸಿನ 55ರಲ್ಲಿ ತೆಗೆದಾಗ ಬೆರಗೇನೂ ಇರಲಿಲ್ಲ. ಆದರೆ ರಥ ರಥದಷ್ಟೇ ಇತ್ತು, ಹಿಂದಿನವು ಅವುಗಳಿಗೆ ಸಲ್ಲುವ ಗಾತ್ರದಲ್ಲಿದ್ದವು. ಅಲ್ಲಿಂದ ವಿರೂಪಾಕ್ಷ ದೇವಾಲಯಕ್ಕೆ ಬಂದನು. ಸುಮಾರು 50 ಮೀಟರ್ ಎತ್ತರದ ಗೋಪುರದ ನೆರಳು ಒಂದು ಕಿರುಗಿಂಡಿಯ ಮೂಲಕ ಒಳಗೋಡೆಯ ಮೇಲೆ ತಲೆಕೆಳಗಾಗಿ ಬೀಳುವ ಎಡೆ ಅಲ್ಲಿರುವುದು ಪ್ರವಾಸಿಗಳೆಲ್ಲರೂ ಬಲ್ಲ ಸಂಗತಿ. ಅಲ್ಲಿ ಗಾಜಿಲ್ಲ, ಬೆಲೆಯಿಲ್ಲ. ಒಂದು ಕಿಂಡಿ, ಒಂದು ಗೋಡೆ, ಅಷ್ಟೇ. ಇಂತಹ ಕಿಂಡಿಯ ಸಮೀಪದಲ್ಲಿ ಬಿಳಿಯ ಬಟ್ಟೆಯನ್ನು ಹಿಡಿದರೆ ಬಿಂಬ ಕಿರಿದಾಗಿ ಹೆಚ್ಚು ದೃಶ್ಯ ಒಳಗೆ ಹಿಡಿಸುತ್ತದೆ; ಬಟ್ಟೆಯನ್ನು ಹಿಂದೆ ಸರಿಸಿದರೆ ಬಿಂಬ ಹಿರಿದಾಗಿ ಕಡಿಮೆ ದೃಶ್ಯ ಹಿಡಿಸುತ್ತದೆ. ಹತ್ತು ಮಿಲಿಮೀಟರಿಗೂ ಐವತ್ತೈದು ಮಿಲಿಮೀಟರಿಗೂ ಇರುವ ಭೇದ ತತ್ತ್ವತಃ ಇಷ್ಟೇ. ಇದನ್ನು ಅರಿತೆನೆಂಬ ಹೆಮ್ಮೆಯಿಂದ ಆತನು ಊರಿಗೆ ಮರಳಿದನು. ಆದರೆ ಅದರ ಅರ್ಧವನ್ನು ಮಾತ್ರ ಅರಿತಿದ್ದನೆಂಬುದು ಮುಂದೆ ತಿಳಿಯಿತು.

ಆತನು ಓದಿದ ಪ್ರೌಢಶಾಲೆಯಲ್ಲಿ ಒಬ್ಬ ಅಧ್ಯಾಪಕರ ನಿವೃತ್ತಿಯ ಸಮಾರಂಭ. ಹಳೆಯ ವಿದ್ಯಾರ್ಥಿಗಳೂ ಹಿಂದಿನ ಅಧ್ಯಾಪಕರೂ ಬಂದಿದ್ದರು. ಕೊನೆಯಲ್ಲಿ ಎಲ್ಲರೂ ಕೂಡಿ ಒಂದು ಗುಂಪುಚಿತ್ರವಾಗಬೇಕೆಂದು ತೀರ್ಮಾನವಾಯಿತು. ಕಟ್ಟಡಕ್ಕೂ ಶಾಮಿಯಾನಕ್ಕೂ ನಡುವೆ ಐದು ಮೀಟರಿನಷ್ಟು ಬಯಲು ಉಳಿದಿತ್ತು. ಇಪ್ಪತ್ತು ಕುರ್ಚಿಗಳನ್ನು ಸಾಲಾಗಿಟ್ಟರು; ಹತ್ತು ಮೀಟರ್ ಅಗಲವಾಯಿತು. ಹಿಂದೆ ಎರಡು ಸಾಲು ನಿಂತರು. ಆತನ ಕ್ಯಾಮೆರಾದ ಫಲಕದ ಅಗಲ 22.7 ಮಿಲಿಮೀಟರ್. ಹದಿನೆಂಟರಲ್ಲಿ ಹತ್ತು ಮೀಟರಿನ ಸಾಲನ್ನು ಹಿಡಿಸಬೇಕಾದರೆ ಎಂಟು ಮೀಟರ್ ಹಿಂದಕ್ಕೆ ಹೋಗಬೇಕು. ಹತ್ತರಲ್ಲಿ ನಾಲ್ಕೂವರೆ ಮೀಟರ್ ಸಾಕು. ಮುಖ್ಯೋಪಾಧ್ಯಾಯರು, “ಜಾಗ ಸಾಲದಿದ್ದರೆ ಎಲ್ಲರೂ ಮೈದಾನಕ್ಕೆ ಹೋಗೋಣವೇನಪ್ಪ?” ಎಂದು ಕೇಳಿದರು. ಆತನು, “ಬೇಡಿ ಸರ್, ಹೊಸ ಲೆನ್ಸ್ ಇದೆ, ನಿಂತಲ್ಲಿಯೇ ಎಲ್ಲರೂ ಬರುತ್ತೀರಿ” ಎಂದನು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲರೂ ಬಂದರು.

ಆ ದಿನ ಬಂದವರಲ್ಲಿ, ಆತನಿಗೆ ಕನ್ನಡ ಕಲಿಸಿದ ವೃದ್ಧ ಮೇಷ್ಟ್ರೊಬ್ಬರಿದ್ದರು. ನಿವೃತ್ತರಾಗಿ ಇಪ್ಪತ್ತು ವರ್ಷವಾಗಿತ್ತು. ನಡುವಿನ ಕುರ್ಚಿಗೆ ಕರೆದೊಯ್ಯಲು ನಾಲ್ಕು ಜನ ಮುಂದಾದರು. ಅವರು ಕೋಲನ್ನೂರಿಕೊಂಡು ಸಾಲಿನ ಕೊನೆಗೆ ನಡೆದು, “ಅದು ಇಂದು ನಿವೃತ್ತರಾಗುವವರ ಪೀಠ, ನನಗೆ ಇಲ್ಲಿ ಸುಖವಾಗಿದೆ” ಎಂದು ಎಡಗಡೆಯ ಕೊನೆಯ ಕುರ್ಚಿಯಲ್ಲಿ ಕುಳಿತರು. ಯಾರೋ ಏನೋ ವಿನೋದವಾಡಿದರು; ಮೇಷ್ಟ್ರು ನಕ್ಕರು. ತರಗತಿಯಲ್ಲಿ ಎಂದೂ ನಗದವರು ನಕ್ಕುದನ್ನು ಕಂಡು ಎಲ್ಲರೂ ನಕ್ಕರು. ಆ ಕ್ಷಣದಲ್ಲಿ ಆತನು ಗುಂಡಿ ಒತ್ತಿದನು. ಅಂತಹ ಗುಂಪುಚಿತ್ರವನ್ನು ಆ ಶಾಲೆ ಹಿಂದೆ ಕಂಡಿರಲಿಲ್ಲವೆಂದು ಎಲ್ಲರೂ ಹೊಗಳಿದರು. ಚೌಕಟ್ಟು ಹಾಕಿಸಿ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುಹಾಕಿದರು.

ಮರುವರ್ಷ ಮೇಷ್ಟ್ರು ತೀರಿಕೊಂಡರು. ಹನ್ನೊಂದನೆಯ ದಿನಕ್ಕೆ ಮುಂಚೆ ಅವರ ಮಡದಿಯು ಮೊಮ್ಮಗನೊಡನೆ ಸ್ಟುಡಿಯೋಗೆ ಬಂದರು. ಮೇಷ್ಟ್ರಿಗೆ ಚಿತ್ರ ತೆಗೆಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲವಂತೆ. ಮತದಾರರ ಚೀಟಿಯಲ್ಲಿರುವ ಮಸುಕಾದ ಮುಖವೊಂದನ್ನು ಬಿಟ್ಟರೆ ಮನೆಯಲ್ಲಿ ಬೇರೆ ಚಿತ್ರವೇ ಇಲ್ಲ. ಶಾಲೆಯ ಗುಂಪುಚಿತ್ರದಲ್ಲಿ ಅವರು ನಗುತ್ತಿದ್ದಾರೆ. ಆ ಮುಖವೊಂದನ್ನೇ ತೆಗೆದು ದೊಡ್ಡದು ಮಾಡಿಕೊಡಬೇಕು. ಇಷ್ಟೇ ಅವರ ಕೋರಿಕೆ.

ಆತನು ಗಣಕಯಂತ್ರದಲ್ಲಿ ಚಿತ್ರವನ್ನು ತೆರೆದು ಎಡಗಡೆಯ ಕೊನೆಯನ್ನು ಹಿಗ್ಗಿಸಿದನು. ಗುಂಪಿನ ನಡುವೆ ಯಾರ ಗಮನಕ್ಕೂ ಬಾರದಿದ್ದುದು ಈಗ ಒಂಟಿಯಾಗಿ ಎದ್ದು ಕಂಡಿತು. ಮೇಷ್ಟ್ರ ನೀಳವಾದ ಮುಖ ಅಡ್ಡಕ್ಕೆ ಎಳೆದಂತೆ ಅಗಲವಾಗಿತ್ತು. ಒಂದು ಕೆನ್ನೆ ಹೊರಗೆ ಜಾರಿದಂತಿತ್ತು. ನಗು ನಗುವಾಗಿರದೆ ಬೇರೇನೋ ಆಗಿತ್ತು. ಮಸೂರದಲ್ಲಿ ದೋಷವೇನೂ ಇರಲಿಲ್ಲ. ಸಾಯಂಕಾಲದ ಓರೆ ಬಿಸಿಲಿನಲ್ಲಿ ನೆರಳು ಹೇಗೆ ನೆಲದ ಮೇಲೆ ನೀಳವಾಗುವುದೋ ಹಾಗೆ, ಓರೆಯಾಗಿ ಬಂದ ಕಿರಣಗಳು ಸಮತಲವಾದ ಫಲಕದ ಅಂಚಿನಲ್ಲಿ ಹರಡಿಕೊಳ್ಳುತ್ತವೆ. ಗೋಡೆ, ಕಂಬ, ಸಾಲುಕಲ್ಲುಗಳ ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ಯಾವ ಮಸೂರಕ್ಕೂ ಇದು ತಪ್ಪದು. ಅಂಚಿನಲ್ಲಿಟ್ಟ ಚೆಂಡು ಮೊಟ್ಟೆಯಾಗಲೇಬೇಕು. ಹತ್ತು ಮಿಲಿಮೀಟರಿನ ಕೊನೆಯಲ್ಲಿ ತಲೆಯ ಅಗಲ ಎತ್ತರಕ್ಕೆ ಹೋಲಿಸಿದರೆ ಒಂದೂವರೆ ಪಟ್ಟಾಗುತ್ತದೆ. ಮೈದಾನಕ್ಕೆ ಹೋಗಿ ಹದಿನೆಂಟರಲ್ಲಿ ತೆಗೆದಿದ್ದರೆ ಹಿಗ್ಗುತ್ತಿದ್ದುದು ಶೇಕಡಾ 18ರಷ್ಟು ಮಾತ್ರ. ಇನ್ನೂ ಹಿಂದೆ ಸರಿದು, ಹದಿನಾರು ಮೀಟರಿನಿಂದ, 35ರಲ್ಲಿ ತೆಗೆದಿದ್ದರೆ ಶೇಕಡಾ 5. ಅಷ್ಟನ್ನು ಯಾವ ಕಣ್ಣೂ ಗುರುತಿಸದು. ಅದಕ್ಕೆ ಬೇಕಾಗಿದ್ದುದು ಚೀಲದಲ್ಲಿಯೇ ಇದ್ದ ನೂರು ಡಾಲರಿನ ಮಸೂರ, ಮತ್ತು ನೂರು ಹೆಜ್ಜೆ ನಡೆಯುವಷ್ಟು ತಾಳ್ಮೆ.

ಎರಡು ರಾತ್ರಿ ಕುಳಿತು ಆತನು ಆ ಮುಖವನ್ನು ಗಣಕಯಂತ್ರದ ನೆರವಿನಿಂದ ಕಿರಿದುಗೊಳಿಸಿದನು. ಅಗಲ ಇಳಿಯಿತು, ಕೆನ್ನೆ ತಕ್ಕಮಟ್ಟಿಗೆ ಸ್ವಸ್ಥಾನಕ್ಕೆ ಬಂದಿತು, ಕಣ್ಣುಗಳ ನಡುವಣ ಅಂತರ ಎಷ್ಟಿತ್ತೆಂಬುದನ್ನು ಮಾತ್ರ ಯಾವ ಯಂತ್ರವೂ ಆತನಿಗೆ ಹೇಳಲಿಲ್ಲ. ಐದು ವರ್ಷ ಎದುರು ಕುಳಿತು ಪಾಠ ಕೇಳಿದ ಮುಖವನ್ನು ಆತನು ನೆನಪಿನಿಂದ ತಿದ್ದಬೇಕಾಯಿತು. ತಿದ್ದುತ್ತ ತಿದ್ದುತ್ತ, ಆ ಮುಖವನ್ನು ತಾನು ಅಂದು ಸರಿಯಾಗಿ ನೋಡಿಯೇ ಇರಲಿಲ್ಲವೆಂಬುದು ಆತನಿಗೆ ತಿಳಿದುಬಂದಿತು. ವೃದ್ಧೆ ಬಂದು ಚಿತ್ರವನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಹೋದರು. ಸೆರಗಿನಿಂದ ಗಾಜನ್ನೊರೆಸಿ ನೋಡಿದರು. “ಇವರು ಅವರೇ ಕಣಪ್ಪ. ಆದರೆ ಅವರ ಹಾಗೆ ಇಲ್ಲ,” ಎಂದರು. ಆಮೇಲೆ, “ಇರಲಿ, ಬೇರೆ ಇಲ್ಲವಲ್ಲ,” ಎಂದು ಚಿತ್ರವನ್ನು ಮೊಮ್ಮಗನ ಕೈಗೆ ಕೊಟ್ಟರು. ಹಣವೆಷ್ಟೆಂದು ಕೇಳಿದರು. ಆತನು ಕೈಮುಗಿದನು.

ಆ ಬಳಿಕ ಆತನು ವಿಶಾಲಕೋನ ಮಸೂರವನ್ನು ಮಾರಿಬಿಟ್ಟನೆಂದರೆ ಕಥೆಗೆ ಒಪ್ಪುತ್ತಿತ್ತು. ಆದರೆ ಅದು ನಿಜವಲ್ಲ. ಸಂಕೀರ್ಣವಾದ ಮಂಟಪಗಳಿಗೆ, ಆಳವಾದ ಪುಷ್ಕರಣಿಗಳಿಗೆ, ನಡುಮನೆಯ ಧಾರೆಗೆ ಅದು ಬೇಕೇ ಬೇಕು. ಆತನು ಬದಲಿಸಿಕೊಂಡುದು ಬಳಸುವ ಕ್ರಮವನ್ನು. ಗುಂಪುಚಿತ್ರವೆಂದರೆ ಮೊದಲು ಮಸೂರವನ್ನಲ್ಲ, ನೆಲವನ್ನು ಅಳೆಯುತ್ತಾನೆ. ಎದುರಿನಿಂದ ಹಿಂದಕ್ಕೆ ಹೆಜ್ಜೆಯಿಟ್ಟು ಎಣಿಸುತ್ತಾನೆ. ಹೆಜ್ಜೆ ಸಾಲದಿದ್ದರೆ ಎಲ್ಲರನ್ನೂ ಬಯಲಿಗೆ ನಡೆಸುತ್ತಾನೆ. ಬಯಲೂ ಇಲ್ಲದಿದ್ದರೆ ಮೂರು ಸಾಲನ್ನು ಐದು ಸಾಲು ಮಾಡಿ ಮೆಟ್ಟಿಲ ಮೇಲೆ ನಿಲ್ಲಿಸಿ ಅಗಲವನ್ನು ತಗ್ಗಿಸುತ್ತಾನೆ. ವಿಶಾಲಕೋನವನ್ನೇ ಹಿಡಿಯಬೇಕಾಗಿ ಬಂದಾಗ ಎರಡು ತುದಿಗಳಲ್ಲಿಯೂ ಗೋಡೆಯನ್ನೋ ಗಿಡವನ್ನೋ ಬಿಟ್ಟು ಮನುಷ್ಯರನ್ನು ನಡುವೆ ಇರಿಸುತ್ತಾನೆ. ಬಿಸಿಲಲ್ಲಿ ಕಾಯುವವರು ಗೊಣಗುತ್ತಾರೆ. ಆತನು ಕೇಳಿಸಿಕೊಳ್ಳುವುದಿಲ್ಲ. ಇನ್ನೊಂದು ಮಾತು: ಕೊನೆಯ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೆಂದು ಗುಂಡಿ ಒತ್ತುವ ಮುನ್ನ ಒಮ್ಮೆ ಹೋಗಿ ನೋಡಿ ಬರುತ್ತಾನೆ. ನಡುವಿನ ಪೀಠವನ್ನು ಬೇಡುವವರು ಬೇರೆ. ತುದಿಯನ್ನು ತಾವಾಗಿ ಆರಿಸಿಕೊಳ್ಳುವವರು ಬೇರೆ. ಯಂತ್ರವು ಹಿಗ್ಗಿಸಿ ಕೆಡಿಸುವುದು ಎರಡನೆಯವರನ್ನೇ ಆದುದರಿಂದ, ಅವರನ್ನು ಕಾಯುವ ಹೊಣೆ ಯಂತ್ರ ಹಿಡಿದವನ ಮೇಲಿದೆ.

ಈಗ ಮಸೂರಕ್ಕಾಗಿ ಚೀಟಿ ಎತ್ತುವ ಕಾಲವಲ್ಲ. ಜೇಬಿನಲ್ಲಿಡುವ ದೂರವಾಣಿಯಲ್ಲಿಯೇ ಎರಡು ಮೂರು ಮಸೂರಗಳಿರುತ್ತವೆ. ಬೆರಳಿಂದ ಮುಟ್ಟಿದೊಡನೆ ವಿಶಾಲಕೋನ ತೆರೆದುಕೊಳ್ಳುತ್ತದೆ. ಅವುಗಳಲ್ಲಿ ಹಲವು ಅಂಚಿನ ಮುಖಗಳನ್ನು ತಾವಾಗಿ ಒಂದಿಷ್ಟು ತಿದ್ದುವುದೂ ಉಂಟು. ಶಾಲಾ ವಾರ್ಷಿಕೋತ್ಸವಗಳಲ್ಲಿ, ಸನ್ಮಾನ ಸಮಾರಂಭಗಳಲ್ಲಿ, ಹಿಂದೆ ಸರಿಯುವ ಶ್ರಮವಿಲ್ಲದೆ ನಿಂತಲ್ಲಿಯೇ ಎಲ್ಲರನ್ನೂ ಹಿಡಿಯುವ ಚಿತ್ರಗಳು ಪ್ರತಿದಿನವೂ ಹುಟ್ಟುತ್ತಿವೆ. ಇಂತಹ ಸಂಪುಟಗಳನ್ನು ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಗುಂಪುಚಿತ್ರದಲ್ಲಿ ತಮ್ಮ ಮುಖವನ್ನು, ಅನಂತರ ತಮ್ಮ ಗುರುಗಳ ಮುಖವನ್ನು. ಆ ಮುಖ ಸಾಲಿನ ಕೊನೆಯಲ್ಲಿದ್ದರೂ ಅದು ಅದರಂತೆಯೇ ಇರಬೇಕು.

ಸ್ಟುಡಿಯೋದ ಮೇಜಿನ ಗಾಜಿನ ಕೆಳಗೆ ಆ ಗುಂಪುಚಿತ್ರದ ಒಂದು ಪ್ರತಿ ಇಂದಿಗೂ ಇದೆ, ತಿದ್ದದೆ ಇರುವುದು. ಮಸೂರ ಕೊಳ್ಳಬೇಕೆಂದು ಸಲಹೆ ಕೇಳಿ ಬರುವ ತರುಣರಿಗೆ ಆತನು ಬೆಲೆಯನ್ನು ಹೇಳುವ ಮೊದಲು ಅದರ ಎಡಗಡೆಯ ಕೊನೆಯನ್ನು ಬೆರಳಿಟ್ಟು ತೋರಿಸುತ್ತಾನೆ.